ಮುಕ್ಕಾಲು ಇಂಚು

ಇಂದುಮತಿಯ ಬಲಗಡೆಯ ಎದೆ ಎಡಗಡೆಯದಕ್ಕಿಂತ ಮುಕ್ಕಾಲು ಇಂಚು ಮೇಲೆ ಹೋಗಿದೆ ಎಂದು ಊರಿನಲ್ಲಿ ಮೊದಲು ಗೊತ್ತಾದದ್ದು ನನಗೆ, ಅವಳಿಗಲ್ಲ. ಮೂವತ್ತೊಂದು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಬೇರೆಯವರು ಮುಖ ನೋಡಿ ಜನರನ್ನು ಗುರುತು ಹಿಡಿದರೆ ನಾನು ಹೆಗಲು, ತೋಳು, ಎದೆಸುತ್ತು ನೋಡಿ ಹಿಡಿಯುತ್ತೇನೆ. ಅವತ್ತು ಟೇಪು ಹಿಡಿದು ಹೆಗಲಿನಿಂದ ಮೊಲೆತೊಟ್ಟಿನವರೆಗೆ ಅಳೆದಾಗ ಎಡಕ್ಕೆ ಹತ್ತು ಇಂಚು ಬಂತು, ಬಲಕ್ಕೆ ಒಂಬತ್ತೂಕಾಲು. ಟೇಪು ಜಾರಿರಬೇಕು ಎಂದುಕೊಂಡು ಮತ್ತೆ ಅಳೆದೆ. ಜಾರಿರಲಿಲ್ಲ. ಏನೂ ಆಗದವಳಂತೆ ಪುಸ್ತಕದಲ್ಲಿ ಬರೆದುಕೊಂಡು, ತೋಳು ಎಷ್ಟು ಉದ್ದ ಇಡಲಿ ಎಂದು ಕೇಳಿದೆ.

ನಮ್ಮೂರಿನಲ್ಲಿ ಕನ್ನಡಿ ಏಳು ವರ್ಷ ಹಿಂದಿದೆ. ಯಾರು ಎದುರು ನಿಂತರೂ ಏಳು ವರ್ಷದ ಹಿಂದೆ ಇದೇ ದಿನ ಮೈ ಹೇಗಿತ್ತೋ ಹಾಗೆ ಕಾಣುತ್ತದೆ. ತೊಟ್ಟ ಬಟ್ಟೆ, ಕೈಕಾಲಿನ ಚಲನೆ ಮಾತ್ರ ಇವತ್ತಿನವು. ಮೊಬೈಲು ಬಂದ ಹೊಸದರಲ್ಲಿ ಕಾಲೇಜು ಹುಡುಗಿಯರು ಬಹಳ ಹಾರಾಡಿದರು, ಅದರ ಫೋಟೋದಲ್ಲೂ ಹಳೆಯ ಮುಖವೇ ಬಂದಾಗ ತಣ್ಣಗಾದರು. ಪರವೂರಿಗೆ ಹೋಗಿ ನಿಂತರೂ ನಮ್ಮ ಕಣ್ಣಿಗೆ ಹಾಗೆಯೇ. ಏಳು ತುಂಬದ ಮಕ್ಕಳಿಗೆ ಕನ್ನಡಿಯಲ್ಲಿ ಬರೀ ಅಂಗಿ ಕಾಣುತ್ತದೆ. ಏಳನೆಯ ಹುಟ್ಟುಹಬ್ಬದ ದಿನ ಆ ಅಂಗಿಯೊಳಗೆ ಕೆಂಪು ಮೋರೆಯ ಕೂಸೊಂದು ಕಣ್ಣು ಮುಚ್ಚಿಕೊಂಡು ಕಾಣಿಸುತ್ತದೆ, ಮನೆಯವರು ನಕ್ಕು ಪಾಯಸ ಮಾಡುತ್ತಾರೆ. ನನಗೀಗ ಐವತ್ತಾರು. ಕನ್ನಡಿಯಲ್ಲಿ ಕೂದಲು ಇನ್ನೂ ಕಪ್ಪಗಿರುವುದರಿಂದ ಬಣ್ಣ ಹಚ್ಚುವ ತಾಪತ್ರಯ ನನಗಿಲ್ಲ.

ಇಂಥ ಊರಿನಲ್ಲಿ ಇವತ್ತು ಹೇಗಿದ್ದೇವೆ ಎಂದು ತಿಳಿಯಲು ಇನ್ನೊಬ್ಬರ ಕಣ್ಣು ಬೇಕಲ್ಲ. ಅದಕ್ಕೆ ಪ್ರತಿಯೊಬ್ಬರಿಗೂ ಒಬ್ಬರು ನೋಟದವರು ಇರುತ್ತಾರೆ. ಹದಿನೆಂಟು ತುಂಬಿದ ಮೇಲೆ ಅವರನ್ನು ನಾವೇ ಆರಿಸಿಕೊಳ್ಳಬೇಕು. ಹೆತ್ತವರು, ಒಡಹುಟ್ಟಿದವರು, ಗಂಡ ಹೆಂಡತಿ ಇವರ್‍ಯಾರೂ ಆಗುವುದಿಲ್ಲ. ವಾರಕ್ಕೊಮ್ಮೆ ಅವರ ಮುಂದೆ ಹೋಗಿ ನಿಂತರೆ ಕಂಡದ್ದನ್ನು ಹೇಳುತ್ತಾರೆ. ಕಣ್ಣಿನ ಕೆಳಗೆ ಕಪ್ಪಾಗಿದೆ, ಬೆನ್ನು ಬಗ್ಗಿದೆ, ಗಲ್ಲದ ಮೇಲೆ ಒಂದು ಕೂದಲು ಬಂದಿದೆ. ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವಂತಿಲ್ಲ. ಹೀಗೆ ಮಾಡು, ಹಾಗೆ ಮಾಡು ಎನ್ನುವಂತೆಯೂ ಇಲ್ಲ. ಇಂದುಮತಿ ಈ ಊರಿನವಳೇ. ಅವಳಿಗೆ ಹದಿನೆಂಟಾದಾಗ ನನ್ನ ಅಂಗಡಿಗೆ ಬಂದು, ವಿಶಾಲಕ್ಕಾ, ನಂಗೆ ನೀನೇ ನೋಟದವಳು ಎಂದಿದ್ದಳು. ಈಗ ಅವಳಿಗೆ ನಲವತ್ತೊಂದು. ಬಸ್ಸಿನಲ್ಲಿ ಕಂಡಕ್ಟರು. ಅವಳ ಖಾಕಿ ಅಂಗಿಯನ್ನೂ ನಾನೇ ಹೊಲಿಯುವುದು.

ಅವಳು ಎದೆ ದೊಡ್ಡದು ಮಾಡುವ ಆಪರೇಷನ್ ಮಾಡಿಸಿಕೊಂಡದ್ದು ಹತ್ತಿರ ಹತ್ತಿರ ಏಳು ವರ್ಷದ ಹಿಂದೆ. ಊರಿಗೆಲ್ಲ ಗೊತ್ತಿರುವ ವಿಷಯವೇ, ಮುಚ್ಚಿಡುವಂಥದ್ದೇನಿಲ್ಲ. ಆಗ ಅವಳ ಮಗಳು ಹಂಸಿನಿಗೆ ಏಳು ತುಂಬಿ ಕೆಲವು ತಿಂಗಳಾಗಿತ್ತು. ಇಂದುವಿನ ಎದೆ ಮಗು ಹಾಲು ಬಿಟ್ಟ ಮೇಲೆ ಖಾಲಿ ಚೀಲದಂತಾಗಿ, ನಾನು ಹೊಲಿದ ರವಿಕೆ ಮುಂದೆ ಜೋಲುತ್ತಿತ್ತು. ಆದರೆ ಅದೇ ರವಿಕೆ ತೊಟ್ಟು ಕನ್ನಡಿಯ ಮುಂದೆ ನಿಂತರೆ ಹುಕ್ಸು ಕಿತ್ತು ಬರುವಷ್ಟು ತುಂಬಿಕೊಂಡು ಕಾಣುತ್ತಿತ್ತು. ದಿನಾ ಬೆಳಿಗ್ಗೆ ಅದನ್ನೇ ನೋಡಿ ಅವಳ ತಲೆ ಕೆಟ್ಟಿತು. ಒಂದು ಸಲವಾದರೂ ಕನ್ನಡಿಗೂ ತನಗೂ ತಾಳೆಯಾಗಬೇಕು ಎಂಬ ಹುಚ್ಚು ನಮ್ಮೂರಿನಲ್ಲಿ ಎಲ್ಲರಿಗೂ ಯಾವಾಗಲಾದರೂ ಹಿಡಿಯುತ್ತದೆ. ಕೆಲವರು ಊಟ ಬಿಡುತ್ತಾರೆ, ಕೆಲವರು ಹಲ್ಲು ಕಟ್ಟಿಸಿಕೊಳ್ಳುತ್ತಾರೆ. ಇವಳು ನನ್ನ ಅಂಗಡಿಗೆ ಬಂದು, ಏಳು ವರ್ಷದ ಹಿಂದಿನ ಅಳತೆ ತೆಗೆದು ಹೇಳು ಎಂದಳು. ಪುಸ್ತಕ ತೆಗೆದು ಓದಿದೆ, ಮೂವತ್ತೆಂಟೂವರೆ. ಅದನ್ನು ಚೀಟಿಯಲ್ಲಿ ಬರೆದುಕೊಂಡು ನಗರದ ಡಾಕ್ಟರಿಗೆ ಕೊಟ್ಟಳು. ನಿಮ್ಮ ಮೈಗೆ ಇದು ಜಾಸ್ತಿಯಾಯಿತು ಎಂದು ಅವರು ಹೇಳಿದರಂತೆ. ಇವಳು ಕೇಳಲಿಲ್ಲ. ಕನ್ನಡಿಯಲ್ಲಿ ಕಣ್ಣಾರೆ ಕಂಡದ್ದು ಹೇಗೆ ಜಾಸ್ತಿಯಾದೀತು ಎಂದು ವಾದಿಸಿ ಒಪ್ಪಿಸಿದಳು.

ಆದರೆ ದಿನ ಗೊತ್ತಾಗಿ, ಆಪರೇಷನ್ ಮುಗಿದು, ಊತ ಇಳಿಯುವ ಹೊತ್ತಿಗೆ ಕನ್ನಡಿಯೊಳಗಿನವಳ ಎದೆ ಇಳಿಯಲು ಶುರುವಾಗಿತ್ತು. ಇವಳದು ತುಂಬಿದಾಗ ಅವಳದು ಖಾಲಿ. ತಾಳೆಯಾಗಲೇ ಇಲ್ಲ. ಇಂದುಮತಿ ಒಂದು ವಾರ ಮಂಕಾಗಿದ್ದು ಆಮೇಲೆ ಸರಿಹೋದಳು. ನನ್ನ ಮುಂದೆ ನಿಂತಾಗಲೆಲ್ಲ ನಾನು ಇದ್ದದ್ದನ್ನು ಹೇಳುತ್ತಿದ್ದೆ. ಎರಡೂ ಸಮ, ದುಂಡಗಿವೆ, ರವಿಕೆಯಲ್ಲಿ ಸುಕ್ಕಿಲ್ಲ. ಅದನ್ನು ಕೇಳಿಕೊಂಡು ಕತ್ತು ನೆಟ್ಟಗೆ ಮಾಡಿ ಡ್ಯೂಟಿಗೆ ಹೋಗುತ್ತಿದ್ದಳು. ತನ್ನ ಹೊಸ ಎದೆಯನ್ನು ಅವಳು ಐದಾರು ವರ್ಷ ನನ್ನ ಬಾಯಿಮಾತಿನಲ್ಲೇ ನೋಡಿದಳು ಎನ್ನಬೇಕು.

ಹಾಗಿದ್ದಾಗ ಈ ಮುಕ್ಕಾಲು ಇಂಚು ಬಂತು. ತಲೆ ಬಗ್ಗಿಸಿ ನೋಡಿಕೊಂಡರೆ ಅವಳಿಗೇ ಗೊತ್ತಾಗುತ್ತಿರಲಿಲ್ಲವೇ ಎಂದು ಹೊರಗಿನವರು ಕೇಳಬಹುದು. ಮೇಲಿನಿಂದ ಬಗ್ಗಿ ನೋಡಿದರೆ ಎರಡಿವೆ ಎಂದು ತಿಳಿಯುತ್ತದೆ, ಯಾವುದು ಎಷ್ಟು ಎತ್ತರ ಎಂದು ತಿಳಿಯುವುದಿಲ್ಲ. ಗಂಡ ಷಡಕ್ಷರಿಗೆ ಗೊತ್ತಾಗಿದ್ದರೂ ಗೊತ್ತಾಗಿರಬಹುದು. ಗಂಡನ ಮಾತನ್ನು ನಮ್ಮೂರಿನಲ್ಲಿ ನೋಟವೆಂದು ಯಾರೂ ಒಪ್ಪುವುದಿಲ್ಲ. ಹೇಳಬೇಕಾದವಳು ನಾನು. ನಾನು ಹೇಳಲಿಲ್ಲ. ಬದಲಿಗೆ ಬಲಗಡೆಯ ಟಕ್ಸನ್ನು, ಎಂದರೆ ಎದೆಯ ಮಡಿಕೆ ಹೊಲಿಗೆಯನ್ನು, ಸ್ವಲ್ಪ ಮೇಲೆ ಹಿಡಿದೆ, ಎಡಗಡೆಗೆ ಒಳಗಿನಿಂದ ಒಂದು ಮಡಿಕೆ ಬಟ್ಟೆ ಕೊಟ್ಟೆ, ತೊಟ್ಟಾಗ ಎರಡೂ ಒಂದೇ ಎತ್ತರ ಕಾಣುವ ಹಾಗೆ ಮಾಡಿದೆ. ಟೈಲರಿಗೆ ಇದು ಯೋಚಿಸದೆ ಕೈ ತಾನಾಗಿ ಮಾಡುವ ಕೆಲಸ. ಹೆಗಲು ಏರುಪೇರಾದವರಿಗೆ, ಬೆನ್ನು ಗೂನಾದವರಿಗೆ ಇದನ್ನೇ ಮಾಡುತ್ತಾ ಬಂದಿದ್ದೇನೆ. ಆಮೇಲೆ ಅವಳು ಮುಂದೆ ನಿಂತಾಗ ರವಿಕೆಯ ಮೇಲಿನಿಂದ ನೋಡಿ, ಸಮ ಕಾಣುತ್ತಿದೆ ಎಂದೆ. ಅದು ಸುಳ್ಳಲ್ಲ. ಆದರೂ ಅದು ಸುಳ್ಳು ಎಂದು ನನಗೆ ಗೊತ್ತಿತ್ತು, ಒಂದು ವರ್ಷ ಹಾಗೇ ದಬ್ಬಿದೆ.

ವರ್ಷದ ಕೊನೆಗೆ ನೋವು ಶುರುವಾಯಿತು. ಕಂಡಕ್ಟರ ಬ್ಯಾಗಿನ ಪಟ್ಟಿ ಎದೆಯ ಮೇಲೆ ಅಡ್ಡ ಬರುತ್ತದಲ್ಲ, ಅದು ತಗುಲಿದರೆ ಜೀವ ಹೋದಂತಾಗುತ್ತದೆ ಎಂದಳು. ಮೇಲಿನ ಸರಳು ಹಿಡಿಯಲು ಬಲಗೈ ಏಳುತ್ತಿಲ್ಲ. ಕೂಸಿನ ಕೆನ್ನೆಯ ಹಾಗಿದ್ದದ್ದು ತೆಂಗಿನಚಿಪ್ಪಿನ ಹಾಗೆ ಗಟ್ಟಿಯಾಗಿದೆ. ಅಂಗಡಿಯ ಪರದೆ ಎಳೆದು ಅಂಗಿ ಬಿಚ್ಚಿ ನಿಂತಳು. ಮೊದಲ ಸಲ ಬಟ್ಟೆಯಿಲ್ಲದೆ ನೋಟ ಹೇಳು ಎಂದಳು. ನಾನು ಹೇಳಿದೆ. ಬಲಗಡೆಯದು ಮೇಲಿದೆ, ಈಗ ಒಂದು ಇಂಚು, ಪಕ್ಕದಲ್ಲಿ ಚಪ್ಪಟೆಯಾಗಿ ಮುಂದಕ್ಕೆ ಉಬ್ಬಿದೆ.

"ಯಾವಾಗ್ನಿಂದ ಅಕ್ಕಾ?" ಎಂದಳು.

"ಹೋದ ವರ್ಷದಿಂದ."

 ಗುಂಡಿ ಹಾಕಿಕೊಂಡು ಹೋದವಳು ಎರಡು ವಾರ ಇತ್ತ ತಲೆ ಹಾಕಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಸ್ಸು ಅಂಗಡಿಯ ಮುಂದೆಯೇ ಹಾದುಹೋಗುತ್ತದೆ, ಅವಳು ಬಾಗಿಲಲ್ಲಿ ನಿಂತಿರುತ್ತಿದ್ದಳು, ನಾನು ಮಿಷಿನ್ ನಿಲ್ಲಿಸಿ ನೋಡುತ್ತಿದ್ದೆ, ಅವಳು ರೈಟ್ ಎಂದು ಕೂಗಿ ಆ ಕಡೆ ತಿರುಗುತ್ತಿದ್ದಳು. ಆ ಎರಡು ವಾರ ನನಗೆ ಅನ್ನ ಸೇರಲಿಲ್ಲ.

ಆ ನಡುವೆ ಅವಳು ನಗರದ ಆಸ್ಪತ್ರೆಗೆ ಹೋಗಿಬಂದಿದ್ದಳು. ಹಳೆಯ ಡಾಕ್ಟರು ಕೆಲಸ ಬಿಟ್ಟಿದ್ದರು, ಈಗ ಅಲ್ಲಿ ಡಾಕ್ಟರ್ ಫ್ಲೋರಿನ್ ಎಂಬ ಹೆಂಗಸು. ಆಕೆ ಸಮಾಧಾನವಾಗಿ ಕೂರಿಸಿಕೊಂಡು ವಿವರಿಸಿದರಂತೆ. ಒಳಗೆ ಇಟ್ಟ ಸಿಲಿಕೋನ್ ಚೀಲದ ಸುತ್ತ ಎಲ್ಲರ ಮೈಯೂ ಒಂದು ಪೊರೆ ಕಟ್ಟಿಕೊಳ್ಳುತ್ತದೆ, ಕೆಲವರಿಗೆ ಆ ಪೊರೆ ದಪ್ಪಗಾಗಿ ಬಿಗಿದುಕೊಂಡು ಚೀಲವನ್ನು ಹಿಂಡುತ್ತದೆ. ಸ್ಕ್ಯಾನಿನಲ್ಲಿ ಚೀಲ ಒಡೆದಿಲ್ಲ. ಹೀಗೇ ಬಿಟ್ಟರೆ ಪ್ರಾಣಕ್ಕೇನೂ ಭಯವಿಲ್ಲ, ನೋವು ಮಾತ್ರ ಹೆಚ್ಚಬಹುದು. ಪೊರೆ ತೆಗೆದು ಹೊಸ ಚೀಲ ಇಡಬಹುದು, ಆದರೆ ಒಮ್ಮೆ ಬಿಗಿದವರಿಗೆ ಮತ್ತೆ ಬಿಗಿಯುವುದು ಜಾಸ್ತಿ. ಅಥವಾ ಎರಡನ್ನೂ ತೆಗೆದು ಹೊಲಿಗೆ ಹಾಕಿಬಿಡಬಹುದು. ಆಗ ಚರ್ಮ ಸಡಿಲವಾಗುತ್ತದೆ, ಮೊದಲಿದ್ದ ಆಕಾರ ಬರುವುದಿಲ್ಲ. ಯೋಚನೆ ಮಾಡಿ ಬನ್ನಿ ಎಂದು ಹೇಳಿ ಕೊನೆಗೆ ಡಾಕ್ಟರು, ಆಪರೇಷನ್ ಆದ ಮೇಲೆ ಕನ್ನಡಿಯಲ್ಲಿ ಏನು ಕಂಡರೆ ನಿಮಗೆ ಸಂತೋಷವಾಗುತ್ತದೆ ಎಂದು ಕೇಳಿದರಂತೆ. ಇಂದುವಿಗೆ ನಗು ತಡೆಯಲಾಗಲಿಲ್ಲ. ಪಾಪ, ಪರವೂರಿನ ಡಾಕ್ಟರಿಗೆ ಅದೇಕೆಂದು ತಿಳಿಯಲಿಲ್ಲ.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಮೂರನೆಯ ವಾರ, ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಸೀದಾ ಅಂಗಡಿಗೆ ಬಂದು. ಸಿಟ್ಟಿನ ವಿಷಯ ಎತ್ತಲೇ ಇಲ್ಲ. ಎತ್ತದಿದ್ದುದು ಅವಳ ದೊಡ್ಡತನ. ಗಂಡನನ್ನು ಕೇಳಿದ್ದಾಯಿತಂತೆ. ಷಡಕ್ಷರಿಗೆ ಹಿಟ್ಟಿನ ಗಿರಣಿ ಇದೆ, ದಿನವಿಡೀ ಆ ಸದ್ದಿನಲ್ಲಿ ಮಾತಾಡಿ ಅಭ್ಯಾಸವಾಗಿ ಮನೆಯಲ್ಲೂ ಕೂಗಿಯೇ ಮಾತಾಡುತ್ತಾನೆ. ನಿನ್ನ ಮೈ, ನಿನ್ನಿಷ್ಟ ಎಂದು ಅವನು ಪ್ರೀತಿಯಿಂದ ಹೇಳಿದ್ದು ಬೀದಿಗೆಲ್ಲ ಕೇಳಿಸಿ, ಮಾರನೆಯ ದಿನ ಬಸ್ಸಿನಲ್ಲಿ ನಾಲ್ಕು ಜನ ಅವಳಿಗೆ ಸಲಹೆ ಕೊಟ್ಟರಂತೆ. ಹಂಸಿನಿ ಮಾತ್ರ, ಅಮ್ಮಾ ನಿಂಗೆ ಕೈ ಎತ್ತಕ್ಕಾಗಲ್ವಲ್ಲ ಎಂದಿದ್ದಳು. ಹದಿನಾಲ್ಕು ವರ್ಷದ ಹುಡುಗಿ, ಅವಳಿಗೆ ತಲೆ ಬಾಚಲು ಈಗಲೂ ಅಮ್ಮನೇ ಆಗಬೇಕು.

"ಡಾಕ್ಟ್ರು ಹೇಳಿದ್ದೆಲ್ಲ ಅರ್ಥ ಆಯ್ತಕ್ಕಾ," ಎಂದಳು ಇಂದು. "ಆದ್ರೆ ಅವ್ರಿಗೆ ನಂ ಕಷ್ಟ ಗೊತ್ತಿಲ್ಲ. ಇನ್ನೆರಡು ತಿಂಗ್ಳಿಗೆ ಕನ್ನಡೀಲಿ ಆಪರೇಷನ್ ಆದ ಈ ಎದೆ ಬರುತ್ತೆ. ಈಗ ತೆಗೆಸ್ಬಿಟ್ರೆ ಅಲ್ಲಿ ತುಂಬಿರುತ್ತೆ, ಇಲ್ಲಿ ಏನೂ ಇರಲ್ಲ. ಏಳು ವರ್ಷ ದಿನಾ ಅದನ್ನೇ ನೋಡ್ಕೊಂಡು ತಲೆ ಬಾಚ್ಕೋಬೇಕು. ಹೊಸದು ಹಾಕಿಸ್ಕೊಂಡ್ರೆ ಒಂದ್ಸಲನಾದ್ರೂ ತಾಳೆ ಆಗುತ್ತೆ. ಅದಕ್ಕೇ ಅಲ್ವಾ ನಾನು ಇಷ್ಟೆಲ್ಲ ಮಾಡ್ಕೊಂಡಿದ್ದು?"

ನಾನು ಕತ್ತರಿ ಕೆಳಗಿಟ್ಟೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದಳು. ನೋಟದವಳನ್ನು ಹಾಗೆ ಕೇಳಬಾರದು ಎಂದೆ. ಒಂದು ವರ್ಷ ಮುಚ್ಚಿಡಬಹುದು, ಇದನ್ನು ಹೇಳಬಾರದೋ ಎಂದಳು.  ಕೊನೆಗೆ ಅವಳೇ, ಎರಡು ತಿಂಗಳು ಕಾಯುತ್ತೇನೆ, ಕನ್ನಡಿಯಲ್ಲಿ ನೋಡಿದ ಮೇಲೆ ಹೇಳುತ್ತೇನೆ ಎಂದು ಎದ್ದಳು. ಡಾಕ್ಟರೂ ಫೋನಿನಲ್ಲಿ ಒಪ್ಪಿದರು, ಇದ್ದಕ್ಕಿದ್ದಂತೆ ಊತವೋ ಜ್ವರವೋ ಬಂದರೆ ಮಾತ್ರ ಕೂಡಲೇ ಬನ್ನಿ ಎಂದರು. ಇಂದುಮತಿ ಆಫೀಸಿನಲ್ಲಿ ಕೇಳಿಕೊಂಡು ನಿಲ್ದಾಣದ ಟಿಕೆಟ್ ಕೌಂಟರಿಗೆ ಕೂತಳು.

ಹೊಸ ಚೀಲ ಹಾಕಿಸುವುದಾದರೆ ಅಳತೆ ಕೇಳುತ್ತಾರಲ್ಲ ಎಂದು ನಾನು ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ಇಂದುವಿನ ಪುಟಗಳನ್ನು ಒಂದೊಂದಾಗಿ ತಿರುಗಿಸಿದೆ. ಮದುವೆಯ ರವಿಕೆ ಮೂವತ್ತಮೂರು. ಬಸುರಿಗೆ ಮುಂಚಿನದು ಮೂವತ್ತಮೂರೂವರೆ. ಆಮೇಲೆ ನಾನು ಅವತ್ತು ಓದಿ ಹೇಳಿದ್ದ ಮೂವತ್ತೆಂಟೂವರೆ. ಅದರ ಪಕ್ಕದಲ್ಲಿ ನನ್ನದೇ ಕೈಯಲ್ಲಿ ಸಣ್ಣಗೆ ಬರೆದಿತ್ತು: ಹಾಲು, ಮುಂದೆ ಹುಕ್ಸು, ಎರಡು ಬೆರಳು ಸಡಿಲ. ಬಾಣಂತಿಯರ ರವಿಕೆಗೆ ನಾನು ಯಾವಾಗಲೂ ಹಾಗೆ ಬರೆದುಕೊಳ್ಳುತ್ತೇನೆ. ಹಾಲು ಕಟ್ಟಿದ ಎದೆಯ ಅಳತೆ ಅದು, ಅದರ ಮೇಲೆ ಎರಡು ಬೆರಳು ಸಡಿಲ ಬೇರೆ. ಅಂಕಿ ಓದಿದ್ದೆ, ಪಕ್ಕದ್ದನ್ನು ಓದಿರಲಿಲ್ಲ. ಕನ್ನಡಿಯಲ್ಲಿ ಕಂಡ ಆ ತುಂಬಿದ ಎದೆಯನ್ನು ಅವಳೂ ನಾನೂ ಇಬ್ಬರೂ ಅವಳ ಹರೆಯ ಎಂದುಕೊಂಡುಬಿಟ್ಟಿದ್ದೆವು. ಮಡಿಲಲ್ಲಿದ್ದ ಕೂಸು ಕನ್ನಡಿಯಲ್ಲಿ ಕಂಡಿದ್ದರೆ ನೆನಪಾಗುತ್ತಿತ್ತೇನೋ. ಆದರೆ ಇಂದುಮತಿ ನಿಂತಾಗ ಅವಳೊಬ್ಬಳೇ ಕಾಣುತ್ತಾಳೆ.  ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಈ ಸಲ ಮುಚ್ಚಿಡಲಿಲ್ಲ. ಪುಸ್ತಕ ಕಂಕುಳಲ್ಲಿಟ್ಟುಕೊಂಡು ನಿಲ್ದಾಣಕ್ಕೆ ಹೋಗಿ, ಅವಳು ಊಟಕ್ಕೆ ಎದ್ದಾಗ ಕಲ್ಲುಬೆಂಚಿನ ಮೇಲೆ ಕೂರಿಸಿ ಪುಟ ತೋರಿಸಿದೆ. ನಾನು ತಪ್ಪು ಅಳತೆ ಕೊಟ್ಟೆ, ಅದು ನಿನ್ನ ಬಾಣಂತನದ ಅಳತೆ ಎಂದೆ. ಅವಳು ಬೆರಳಿಟ್ಟು ಎರಡೆರಡು ಸಲ ಓದಿದಳು. ಅತ್ತುಬಿಡುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ಹಂಗಾದ್ರೆ ಅದು ನಂದಲ್ಲ," ಎಂದಳು. "ಹಂಸಿನೀದು."

ಡಬ್ಬಿಯಲ್ಲಿದ್ದ ಚಿತ್ರಾನ್ನದಲ್ಲಿ ನನಗೂ ಅರ್ಧ ಕೊಟ್ಟಳು, ಇಬ್ಬರೂ ತಿಂದೆವು.  ಆದರೂ ಕನ್ನಡಿಯ ದಿನವನ್ನು ಅವಳು ಬಿಡಲಿಲ್ಲ. ತಪ್ಪು ಅಳತೆಯದೇ ಆಗಲಿ, ಏಳು ವರ್ಷ ಹೊತ್ತಿದ್ದೇನೆ, ನೋಡದೆ ಬಿಡುತ್ತೇನೆಯೇ ಎಂದಳು. ಅದು ನನಗೂ ಸರಿ ಎನಿಸಿತು, ಹೇಳಲಿಲ್ಲ.

ಎರಡು ತಿಂಗಳಿಗೆ ಕನ್ನಡಿಯಲ್ಲಿ ಹೊಲಿಗೆ ಬಂತು, ನೀಲಿಗಟ್ಟಿದ ಚರ್ಮ ಬಂತು, ಊತ ಬಂತು. ಅದು ಇಳಿಯಲು ಇನ್ನೊಂದೂವರೆ ತಿಂಗಳು. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಕೊಂಡು, ಕೆಂಪಂಚಿನ ಸೀರೆ ಉಟ್ಟು, ಅಂಗಡಿಗೆ ಬಂದಳು. ನನ್ನಲ್ಲಿ ಆಳೆತ್ತರದ ಕನ್ನಡಿ ಇದೆ. ಪರದೆ ಎಳೆದುಕೊಂಡು ಇಬ್ಬರೂ ಒಳಗೆ ನಿಂತೆವು. ಅವಳು ಸೆರಗು ಇಳಿಸಿ ರವಿಕೆ ತೆಗೆದಳು.

ಕನ್ನಡಿಯೊಳಗಿನವು ಎರಡೂ ಒಂದೇ ಎತ್ತರಕ್ಕೆ, ದುಂಡಗೆ, ಮೆತ್ತಗೆ ಇದ್ದವು. ಈಚೆ ನಿಂತವಳ ಬಲಗಡೆಯದು ಗಟ್ಟಿಯಾಗಿ ಕತ್ತಿನ ಕಡೆಗೆ ಏರಿತ್ತು. ನಾನು ಒಂದು ಸಲ ಅಲ್ಲಿ ನೋಡಿದೆ, ಒಂದು ಸಲ ಇಲ್ಲಿ. ಅವಳು ಅಲ್ಲಿಂದ ಕಣ್ಣು ತೆಗೆಯಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದಳು, ಮತ್ತೆ ಎದುರಿಗೆ ನಿಂತಳು.

"ಚೆನ್ನಾಗಿತ್ತು ಕಣಕ್ಕಾ," ಎಂದಳು. "ನೀನು ಹೇಳ್ದಾಗ ಇಷ್ಟು ಅಂತ ಗೊತ್ತಾಗಿರ್ಲಿಲ್ಲ."

ಅವಳ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ಇನ್ನು ಇವಳು ಹೊಸದು ಹಾಕಿಸಿಕೊಳ್ಳುವುದು ಖಂಡಿತ ಎಂದುಕೊಂಡೆ. ಹಾಕಿಸಿಕೊಂಡರೆ ತಪ್ಪೇನು ಎಂದೂ ಅನಿಸಿತು. ಅಷ್ಟರಲ್ಲಿ ಅವಳು, ಬೆನ್ನಿಗೆ ಬಿದ್ದಿದ್ದ ಒದ್ದೆ ಕೂದಲನ್ನು ಎತ್ತಿ ಕಟ್ಟಿಕೊಂಡು ನೋಡೋಣ ಎಂದು ಎರಡೂ ಕೈ ಮೇಲಕ್ಕೆತ್ತಿದಳು. ಎಡಗೈ ತಲೆಯ ಹಿಂದಕ್ಕೆ ಹೋಯಿತು. ಬಲಗೈ ಕಿವಿಯ ಹತ್ತಿರ ಬಂದು ನಿಂತಿತು. ಕನ್ನಡಿಯೊಳಗೂ ಆ ಕೈ ಅಲ್ಲೇ ನಿಂತಿತು. ಅಷ್ಟು ಒಳ್ಳೆಯ ಎದೆಯವಳು ಒಂದು ಕೈ ಎತ್ತಲಾರದೆ ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಇಂದುಮತಿ ಇನ್ನೊಮ್ಮೆ ಪ್ರಯತ್ನಪಟ್ಟಳು. ಒಳಗಿನವಳಿಗೂ ಆಗಲಿಲ್ಲ. ಎರಡೂ ಕೈ ಇಳಿಸಿ, ಕೂದಲು ಬಿಟ್ಟು, ಒಳಗಿನವಳನ್ನೇ ನೋಡಿದಳು.

"ನೋಡೋಕೆ ಇನ್ನೈದು ವರ್ಷ ಹೆಂಗೂ ಇಲ್ಲೇ ಇರುತ್ತೆ," ಎಂದಳು. "ಹೊರೋದು ಸಾಕು."

ಅಂಗಡಿಯಿಂದಲೇ ಡಾಕ್ಟರಿಗೆ ಫೋನು ಮಾಡಿದಳು. ಎರಡೂ ತೆಗೆದುಬಿಡಿ, ಹೊಸದು ಬೇಡ ಎಂದಳು. ಆ ಕಡೆಯಿಂದ ಡಾಕ್ಟರು ಏನೇನೋ ಕೇಳುತ್ತಿದ್ದರು, ಆಮೇಲೆ ಹೇಗೆ ಕಾಣುತ್ತದೆ ಎಂದು ಚೆನ್ನಾಗಿ ಯೋಚಿಸಿದ್ದೀರಾ ಎಂದೂ ಇರಬೇಕು. ಹ್ಞೂ, ನೋಡಿಯೇ ಹೇಳುತ್ತಿದ್ದೇನೆ ಎಂದಳು ಇವಳು.

ಆಪರೇಷನ್ ಆಯಿತು. ಷಡಕ್ಷರಿ ಗಿರಣಿ ಮುಚ್ಚಿ ಹತ್ತು ದಿನ ಅಡುಗೆ ಮಾಡಿದ. ಡಾಕ್ಟರು ಕೊಟ್ಟ ಬಿಗಿಯಾದ ಒಳಅಂಗಿ ತೊಟ್ಟು ಇಂದುಮತಿ ಎರಡು ತಿಂಗಳು ಮನೆಯಲ್ಲೂ ಕೌಂಟರಿನಲ್ಲೂ ಕಳೆದಳು. ನಾನು ಹೋಗಿ ಮಾತಾಡಿಸಿಕೊಂಡು ಬರುತ್ತಿದ್ದೆ. ನೋಟ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೊನೆಯ ತಪಾಸಣೆ ಮುಗಿದ ದಿನ, ಇನ್ನು ಯಾವ ನಿರ್ಬಂಧವೂ ಇಲ್ಲ ಎಂದು ಹೇಳಿಸಿಕೊಂಡು, ನಗರದಿಂದ ಬಂದ ಬಸ್ಸಿಳಿದು ನೇರ ಅಂಗಡಿಗೆ ಬಂದಳು. ಪರದೆ ಎಳೆದು, ಎಲ್ಲ ತೆಗೆದು, ಕನ್ನಡಿಗೆ ಬೆನ್ನು ಹಾಕಿ ನನ್ನ ಎದುರು ನಿಂತಳು.  ಹೊಲಿದು ಸರಿಮಾಡಲು ಅಲ್ಲಿ ಯಾವ ಬಟ್ಟೆಯೂ ಇರಲಿಲ್ಲ.

"ಹೇಳಕ್ಕಾ."

"ಎದೆ ಹೆಚ್ಚುಕಮ್ಮಿ ಚಪ್ಪಟೆ. ಚರ್ಮ ಸಡಿಲಾಗಿ ಕೆಳಗೆ ಎರಡು ಮಡಿಕೆ ಬಿದ್ದಿದೆ," ಎಂದೆ. "ಬಲಗಡೆ ಗಾಯದ ಗೆರೆ ಉದ್ದ, ಇನ್ನೂ ಕೆಂಪಗಿದೆ. ಎಡಗಡೆಯದು ಗಿಡ್ಡ. ಬಲಗಡೆ ತೊಟ್ಟಿನ ಪಕ್ಕ ಒಂದು ಸಣ್ಣ ಗುಳಿ. ಎತ್ತರ ಎರಡೂ ಕಡೆ ಒಂದೇ."

ಅವಳು ಅತ್ತಳು. ಜೋರಾಗಿ ಅಲ್ಲ, ಆದರೆ ಬಹಳ ಹೊತ್ತು. ನಾನು ಸಮಾಧಾನ ಹೇಳಲಿಲ್ಲ, ನನಗೂ ಕಣ್ಣು ತುಂಬಿತ್ತು. ಆಮೇಲೆ ಮುಖ ಒರೆಸಿಕೊಂಡು ರವಿಕೆ ಹಾಕಿಕೊಂಡಳು, ಮನೆಗೆ ಹೊರಡುತ್ತಾಳೆ ಎಂದುಕೊಂಡೆ. ಹೊರಡಲಿಲ್ಲ. ನಾನು ಕಟಿಂಗ್ ಮಾಡುವ ಚಾಪೆಯ ಮೇಲಿನ ಚೂರುಬಟ್ಟೆಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಮಂಡಿಯೂರಿ, ಹೆದರಿ ಹೆದರಿ ಮೈ ಇಳಿಸಿ, ಬೋರಲು ಮಲಗಿದಳು. ಎದೆ ನೆಲಕ್ಕೆ ತಾಗಿತು. ಏನೂ ಒತ್ತಲಿಲ್ಲ ಎಂದು ಖಾತ್ರಿಯಾದ ಮೇಲೆ ಎರಡೂ ಕೈ ತಲೆಯ ಮುಂದಕ್ಕೆ ಚಾಚಿ ಅದರ ಮೇಲೆ ಕೆನ್ನೆ ಇಟ್ಟಳು.

"ಏಳು ವರ್ಷ ಆಯ್ತಕ್ಕಾ ಹಿಂಗೆ ಮಲಗಿ," ಎಂದವಳು ಮುಂದಿನ ಮಾತಿಗೆ ಮೊದಲೇ ನಿದ್ದೆಹೋದಳು.

ಮೂರು ಗಂಟೆಗೆ ರವಿಕೆ ಕೇಳಿಕೊಂಡು ಇಬ್ಬರು ಬಂದರು. ತುಟಿಯ ಮೇಲೆ ಬೆರಳಿಟ್ಟು, ನಾಳೆ ಬನ್ನಿ ಎಂದು ಸನ್ನೆ ಮಾಡಿ ಕಳಿಸಿದೆ. ಅವಳು ಏಳುವವರೆಗೆ ಮಿಷಿನ್ ತುಳಿಯಲಿಲ್ಲ, ಕೈಯಲ್ಲೇ ಹುಕ್ಸು ಹಾಕುತ್ತಾ ಕೂತಿದ್ದೆ.